ಊಟದ ಪಂಕ್ತಿಯನ್ನು ಕತ್ತರಿಸದ ವಿಡಿಯೋದವರು

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಮೂವತ್ತು ವರ್ಷ ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ ಒತ್ತಿ ಅಂಟಿಕೊಂಡ ಅಭ್ಯಾಸ. ಕಾಫಿ ಕುಡಿಯುವಾಗಲೂ ಬಸ್ಸಿಗೆ ಕಾಯುವಾಗಲೂ ಎದುರಿನವರನ್ನು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ಇವರು ಕಣ್ಣು ಹೊಡೆದರೆಂದು ತಿಳಿದು ಹೊಸಬರು ಸಿಡುಕಿದ್ದೂ ಉಂಟು. ನಮ್ಮ ಪುಟ್ಟ ಪೇಟೆ ವಿಜಯಪುರದಲ್ಲಿ ಅವರನ್ನು ಎಲ್ಲರೂ ‘ವಿಡಿಯೋದವರು’ ಎಂದೇ ಕರೆಯುತ್ತಿದ್ದರು. ಕುಂದಾಣದವರೆಗೂ ಮದುವೆ, ನಾಮಕರಣ, ಗೃಹಪ್ರವೇಶ ಎಂದರೆ ಅವರೇ.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಸ್ಟುಡಿಯೋ. ಗೋಡೆಯಾಚೆ ರೇಷ್ಮೆ ನೂಲು ಹುರಿ ಮಾಡುವ ಮಿಷಿನ್ನುಗಳು ದಿನವಿಡೀ ಸದ್ದು ಮಾಡುತ್ತಿದ್ದವು. ಒಳಗೆ ಒಂದು ಹಳೆಯ ಕಂಪ್ಯೂಟರು, ಅದರ ಪಕ್ಕ ಒಂದರ ಮೇಲೊಂದು ಮೂರು ಡಿವಿಡಿ ಪ್ಲೇಯರುಗಳು. ಒಂದಕ್ಕೆ ಮುಚ್ಚಳವಿಲ್ಲ, ಇನ್ನೊಂದಕ್ಕೆ ತಟ್ಟೆ ಹೊರಗೆ ಬರಬೇಕಾದರೆ ತಲೆಯ ಮೇಲೊಂದು ಏಟು ಬೀಳಬೇಕು. ಇಂಥ ಕಸವನ್ನೇಕೆ ಇಟ್ಟುಕೊಂಡಿದ್ದಾರೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಟೀಚರ್ ನಾನು. ಆ ಜಂಭ ಸ್ವಲ್ಪ ಜಾಸ್ತಿಯೇ ಇತ್ತು.

ಅಪ್ಪ ತೀರಿಕೊಂಡ ವರ್ಷ ಆ ಜಂಭ ಇಳಿಯಿತು. ಅಪ್ಪ ಓಡಾಡುವ, ಮಾತಾಡುವ ವಿಡಿಯೋ ನಮ್ಮಲ್ಲಿದ್ದುದು ಒಂದೇ, ಚಿಕ್ಕಪ್ಪನ ಮಗಳ ಮದುವೆಯದು. ಅದನ್ನು ಹಿಡಿದವರೂ ಇವರೇ. ಡಿಸ್ಕು ಗೀರುಬಿದ್ದು ಹಾಳಾಗಿತ್ತು. ಪುಣ್ಯಕ್ಕೆ ಅದರ ಫೈಲು ನನ್ನ ಕಂಪ್ಯೂಟರಿನಲ್ಲಿ ಉಳಿದಿತ್ತು. ಫೋನಿಗೆ ಹಾಕಿ ತೋರಿಸಲು ಹೋದರೆ ಅಮ್ಮ ಕೈ ಆಡಿಸಿಬಿಟ್ಟಳು.

“ಇದ್ರಲ್ಲಿ ಬೇಡ ಕಣೆ. ಇರುವೆಗಳು ಮದ್ವೆ ಮಾಡ್ಕೊಂಡಂಗೆ ಕಾಣುತ್ತೆ. ನಂಗೆ ಟೀವಿಲಿ ಹಾಕ್ಕೊಡು. ನಾನೇ ಬಟನ್ ಒತ್ತಿ ನೋಡ್ಬೇಕು.”

ಅದೇನು ಮಹಾ ಎಂದು ನಾನೇ ಕೂತೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಸಾಫ್ಟ್‌ವೇರುಗಳಿಗೆ ಲೆಕ್ಕವಿಲ್ಲ, ಎಲ್ಲವೂ ತಾನೇ ಉತ್ತಮ ಎನ್ನುತ್ತವೆ. ಮೊದಲನೆಯದು ಫೈಲನ್ನು ಇದ್ದ ಹಾಗೇ ಡಿಸ್ಕಿಗೆ ಸುರಿಯಿತು; ಅಮ್ಮನ ಪ್ಲೇಯರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡನೆಯದು ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಪರದೆಯ ನಡುವೆ ತನ್ನ ಹೆಸರು ಬರೆದುಕೊಂಡಿತು. ಮೂರನೆಯದು ಚೆನ್ನಾಗಿತ್ತು. ಆದರೆ ಮೂರೂವರೆ ಗಂಟೆಯ ಮದುವೆ ಒಂದು ಡಿಸ್ಕಿಗೆ ಹಿಡಿಸಲಿಲ್ಲ. ಊಟ ಮಾಡುವುದನ್ನು ಯಾರು ನೋಡುತ್ತಾರೆ ಎಂದು ನಾನು ಊಟದ ಪಂಕ್ತಿಯನ್ನು ಪೂರ್ತಿ ಕತ್ತರಿಸಿ ಹಾಕಿದೆ.

ಅಮ್ಮ ಚಾಪೆ ಹಾಸಿಕೊಂಡು ಮೊದಲಿಂದ ಕಡೆಯವರೆಗೂ ನೋಡಿದಳು. ಮುಗಿದ ಮೇಲೆ ಖಾಲಿ ಪರದೆಯ ಮುಂದೆ ಕೂತೇ ಕೇಳಿದಳು: “ನಿಮ್ಮಪ್ಪ ಎಲ್ಲೇ?”

ಅಪ್ಪ ಸ್ಟೇಜಿನ ಹತ್ತಿರ ಸುಳಿದೇ ಇರಲಿಲ್ಲ. ಮನೆಗೆ ಹಿರಿಯನೆಂದು ಆ ದಿನವೆಲ್ಲ ಊಟದ ಮನೆಯಲ್ಲೇ ನಿಂತು ಬಡಿಸಿದ್ದ. ನಾನು ಕತ್ತರಿಸುವ ಮೊದಲು ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ಅಮ್ಮನ ಮುಖ ನೋಡಲಾಗದೆ ಮರುದಿನ ಪೆನ್‌ಡ್ರೈವ್ ಹಿಡಿದು ಸ್ಟುಡಿಯೋಗೆ ಹೋದೆ.

“ಊಟದ್ದೇ ಕಿತ್ತಾಕ್ಬಿಟ್ರಾ ಟೀಚರಮ್ಮ?” ವಿಡಿಯೋದವರು ನಿಜಕ್ಕೂ ನೊಂದುಕೊಂಡರು. “ಜನ ತಿರ್ಗಿ ತಿರ್ಗಿ ನೋಡೋದೇ ಅದುನ್ನ. ಸ್ಟೇಜ್ ಮೇಲೆ ಎಲ್ರೂ ಬೊಂಬೆ ಥರ ನಿಂತಿರ್ತಾರೆ. ಎಲೆ ಮುಂದೆ ಕೂತಾಗ್ಲೇ ನಮ್ಮೋರು ನಮ್ಮೋರಂಗೆ ಕಾಣೋದು.”

ಯಾವ ಸಾಫ್ಟ್‌ವೇರು ಒಳ್ಳೆಯದು ಎಂದು ಕೇಳಿದೆ.

“ಅದುನ್ನ ಕಂಪ್ಯೂಟರ್ನ ಕೇಳ್ಬೇಡಿ. ನೋಡೋರ ಮನೇಲಿ ಎಂಥ ಪ್ಲೇಯರ್ ಐತೆ, ರಿಮೋಟಲ್ಲಿ ಅವ್ರಿಗೆ ಯಾವ ಬಟನ್ ಗೊತ್ತು, ಅದುನ್ನ ಕೇಳಿ. ಆಮೇಲೆ ಸಾಫ್ಟ್‌ವೇರು.”

ಅವರದು ನೋಡಲು ಚೆಂದವಿಲ್ಲದ ಹಳೆಯ ಸಾಫ್ಟ್‌ವೇರು. ಹೊಸದು ವಿಡಿಯೋವನ್ನು ಐದೈದು ನಿಮಿಷಕ್ಕೆ ತಾನಾಗಿಯೇ ಭಾಗ ಮಾಡಿಬಿಡುತ್ತದೆ. ಇದರಲ್ಲಿ ಕೈಯಾರೆ ಮಾಡಬಹುದು ಎಂಬುದೇ ಅವರಿಗೆ ಅದರ ಮೇಲಿದ್ದ ಪ್ರೀತಿ. ಟೀವಿಯಲ್ಲಿ ಕಂಡದ್ದನ್ನು ರಿಮೋಟಿನಲ್ಲಿ ಒತ್ತಿದರೆ ಸಾಕು ಎನ್ನುವಂತೆ ಚಪ್ಪರ, ಅರಿಶಿನ, ಧಾರೆ, ಊಟ ಎಂದು ದಪ್ಪ ಅಕ್ಷರದಲ್ಲಿ ಪಟ್ಟಿ ಮಾಡಿದರು. ಒಂದೇ ಡಿಸ್ಕಿಗೆ ತುರುಕಿದರೆ ಮುಖಗಳು ಕಲಸಿಹೋಗುತ್ತವೆ ಎಂದು ಎರಡು ಡಿಸ್ಕು ಮಾಡಿದರು. ಆಮೇಲೆ ಆ ಮೂರು ಪ್ಲೇಯರುಗಳಲ್ಲೂ ಹಾಕಿ ನೋಡಿದರು. ಮೂರನೆಯದರಲ್ಲಿ ಕಡೆಯವರೆಗೂ ಓಡಿಸಿ, ಪೂರ್ತಿ ನೋಡದೆ ಯಾರಿಗೂ ಕೊಡುವವನಲ್ಲ ಎಂದು ಸ್ಟೂಲಿನ ಮೇಲೆ ಕೂತುಬಿಟ್ಟರು.

ಪಂಕ್ತಿಯ ಕೊನೆಗೆ ಅಪ್ಪನ ದನಿ ಕೇಳಿಸಿತು: “ಏನಪ್ಪಾ, ಬೆಳಗ್ಗಿಂದ ಒಂದು ತುತ್ತೂ ತಿಂದಿಲ್ಲ ನೀವು. ಕ್ಯಾಮೆರಾ ಇಡಿ ಅತ್ಲಾಗೆ.” ಚಿತ್ರ ಒಮ್ಮೆ ಓಲಾಡಿ ಮೇಜಿನ ಮೇಲೆ ನಿಂತಿತು. ಎದುರಿಗೆ ಎಲೆ ಹಾಕಿಕೊಂಡು ಕೂತವರು ಸ್ವತಃ ವಿಡಿಯೋದವರು! ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬಿಡದೆ ಅಪ್ಪ ಇನ್ನೊಂದು ಒಬ್ಬಟ್ಟು ಹಾಕುತ್ತಿದ್ದ.

ಅವರು ಸ್ಟೂಲಿನಲ್ಲಿ ಮುದುಡಿದರು. “ಆಫ್ ಮಾಡೋದು ಮರ್ತಿದ್ದೆ. ಇದು ನಂದು, ತೆಗ್ದ್‌ಬಿಡ್ತೀನಿ.”

“ಊಟದ್ದೇ ಕಿತ್ತಾಕ್ತೀರಾ ಸಾರ್?” ಎಂದೆ. ಗೋಡೆಯಾಚೆಯ ಮಿಷಿನ್ ಸದ್ದನ್ನೂ ಮೀರಿಸುವಂತೆ ನಕ್ಕರು. ತೆಗೆಯಲಿಲ್ಲ.

ಅಮ್ಮ ಈಗಲೂ ಎರಡನೆಯ ಡಿಸ್ಕನ್ನೇ ಹಾಕಿಕೊಳ್ಳುತ್ತಾಳೆ, ‘ಊಟ’ ಎಂಬುದನ್ನೇ ಒತ್ತುತ್ತಾಳೆ. ಆ ಸಾಲಿಗೆ ಪಾಯಸ ಬಂದಿಲ್ಲ ಎಂದು ಟೀವಿಯೊಳಗೆ ಅಪ್ಪ ಕೂಗಿದರೆ, “ಬಂತು, ಸುಮ್ನಿರಿ” ಎಂದು ಇಲ್ಲಿಂದ ಗದರುತ್ತಾಳೆ.

ಹೋದ ವರ್ಷ ವಿಡಿಯೋದವರು ತೀರಿಕೊಂಡರು. ತಿಥಿಯ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತರು. “ಊರೋರ್ನೆಲ್ಲಾ ಹಿಡುದ್ರು ಕಣಮ್ಮ. ಅವ್ರು ಮಾತಾಡೋದು ಒಂದಾದ್ರೂ ಇರ್ಬೇಕಲ್ಲಾ ಅಂತ ಮನೆಯೆಲ್ಲ ಹುಡುಕ್ದೆ. ಒಂದೂ ಇಲ್ಲ.”

ಮನೆಗೆ ಬಂದವಳೇ ಅವರು ಕೊಟ್ಟಿದ್ದ ಅದೇ ಹಳೆಯ ಸಾಫ್ಟ್‌ವೇರು ತೆರೆದೆ. ಆ ಪಂಕ್ತಿಯನ್ನು ಬೇರೆ ಡಿಸ್ಕಿಗೆ ಬರೆದು, ಅಮ್ಮನ ಪ್ಲೇಯರಿನಲ್ಲಿ ಹಾಕಿ ಮೊದಲಿಂದ ಕಡೆಯವರೆಗೂ ನೋಡಿದೆ. ಆಮೇಲೇ ತೆಗೆದುಕೊಂಡು ಹೋಗಿ ಕೊಟ್ಟೆ.

ಅವರ ಹೆಂಡತಿ ಟೀವಿಯ ಹತ್ತಿರಕ್ಕೆ ಹೋಗಿ ನಿಂತು ನೋಡಿದರು. ಒಬ್ಬಟ್ಟು ಬೇಡವೆನ್ನುತ್ತಾ ವಿಡಿಯೋದವರು ತಲೆಯೆತ್ತಿದಾಗ ಆಕೆ ಪರದೆಯ ಮೇಲೆ ಕೈ ಇಟ್ಟರು. ನಾನು ಎಷ್ಟು ಸಲ ನೋಡಿದರೂ ಗಮನಿಸದೇ ಹೋದದ್ದನ್ನು ಆಕೆ ಹೇಳಿದರು:

“ನೋಡಮ್ಮ, ಎರಡೂ ಕಣ್ಣು ಬಿಟ್ಟವ್ರೆ.”