ಸನ್ನತಿ ತನಕ ಎಲ್ಲೂ ಕೂರದೆ

ಮಳಖೇಡದ ಕೋಟೆಯಿಂದ ಸನ್ನತಿಯ ಭೀಮಾ ದಂಡೆಯವರೆಗೆ, ರಾಷ್ಟ್ರಕೂಟರ ಕಾಲದ ಜನ ಓಡಾಡಿದ ಹಾದಿ ಹಿಡಿದು ಸೈಕಲ್ ಮೇಲೆ ಹೋಗಬೇಕೆಂದು ಹಟ ಹಿಡಿದವಳು ನಾನು. ನಾನೂ ನನ್ನ ಗೆಳತಿಯೂ ಸೇಡಂನ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಎಪ್ಪತ್ತರ ದಶಕದ ಒಂದು ದಸರೆಯ ರಜೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಬ್ಬರು ಅಕ್ಕೋರು ಸೈಕಲ್ ತುಳಿಯುವುದನ್ನು ನೋಡಲು ತೊಗರಿ ಹೊಲದ ಹೆಂಗಸರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ನೋಡಲಿ ಬಿಡಿ, ಅದರಿಂದ ನನಗೇನೂ ಬೇಸರವಿರಲಿಲ್ಲ. ನನ್ನ ತಲೆ ಕೆಡಿಸಿದ್ದು ಗೆಳತಿಯ ಅವಸರ.

ಊರು ಹತ್ತಿರ ಬಂತೆಂದರೆ ಅವಳು ಪೆಡಲ್ ಜೋರು ಮಾಡುತ್ತಿದ್ದಳು. ರಾತ್ರಿ ಶಾಲೆಯ ಕೋಣೆಗಳಲ್ಲಿ ಮಲಗು, ಕಟ್ಟಿಕೊಂಡು ಬಂದ ಚುರುಮುರಿ ತಿನ್ನು, ಬೆಳಗಾದರೆ ಮತ್ತೆ ಓಡು. ಕೊನೆಯ ದಿನ ಚಿತ್ತಾಪುರ ಬಿಡುವಾಗ ನಾಗಾವಿಯ ಹಳೆಯ ಕಂಬಗಳ ಮುಂದೆ ನಾನು ಎಷ್ಟು ಹೊತ್ತು ನಿಂತರೂ ಅವಳದೇನೂ ತಕರಾರಿಲ್ಲ. ಯಾರಾದರೂ ಬಾಗಿಲಲ್ಲಿ ನಿಂತು ಒಳಗೆ ಕರೆದರೆ ಮಾತ್ರ ಅವಳಿಗೆ ಹೊತ್ತಾಗಿಬಿಡುತ್ತಿತ್ತು. ಇವಳಿಗೆ ನನ್ನ ಜೊತೆ ಸಾಕಾಗಿದೆ, ರಜೆ ಮುಗಿದರೆ ಸಾಕೆಂದು ಕಾಯುತ್ತಿದ್ದಾಳೆ ಎಂದುಕೊಂಡು ವಾಡಿಯವರೆಗೂ ಮೈಯೆಲ್ಲ ಉರಿಸಿಕೊಂಡೆ.

ವಾಡಿ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ಮಜ್ಜಿಗೆ ಕುಡಿದು ಹೋಗಿರೆಂದು ಅಡ್ಡ ಬಂದಳು. ನಾನು ಇಳಿದೇ ಬಿಟ್ಟಿದ್ದೆ. ಗೆಳತಿ ಬೇಡವೆಂದು ತಲೆಯಾಡಿಸುತ್ತ ನನ್ನ ಹಣೆಯ ಕಡೆ ನೋಡಿ, ತಟ್ಟನೆ ಕಣ್ಣು ತಿರುಗಿಸಿದಳು. ಆಗ ನನಗೆ ತಿಳಿಯಿತು.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಕಳಿಸುತ್ತಾರೆ. ಗಂಡ ಸತ್ತವಳನ್ನು ಆ ಕುಂಕುಮದ ತಾಟು ದಾಟಿಕೊಂಡು ಹೋಗುತ್ತದೆ. ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ನೋವಾಗಬಾರದೆಂದು ಈ ಪುಣ್ಯಾತ್ಮಳು ನನಗೆ ಒಂದು ಹೊಸ್ತಿಲನ್ನೂ ತುಳಿಯಗೊಟ್ಟಿರಲಿಲ್ಲ. ಅವಳ ಮೇಲೆ ಪ್ರೀತಿ ಉಕ್ಕಬೇಕಿತ್ತು, ಉಕ್ಕಿದ್ದು ಸಿಟ್ಟು. ಎರಡು ವರ್ಷ ಮನೆಯವರು ಮಾಡಿದ್ದೂ ಇದನ್ನೇ: ಮದುವೆಗೆ ಬರಬೇಡ, ನಿನಗೇ ಸಂಕಟ, ಸೀಮಂತಕ್ಕೆ ಬೇಡ, ನಿನಗೇ ಸಂಕಟ. ಸಂಜೆ ಸನ್ನತಿಯಿಂದ ತಿರುಗಿ ಬಂದು ನಾಲವಾರದಲ್ಲಿ ರೈಲು ಹತ್ತಿದರೆ ಮತ್ತೆ ಅದೇ ಮನೆ. ಅದಕ್ಕೆ ಮೊದಲು ಯಾರದಾದರೂ ಮನೆಯಲ್ಲಿ ಎಲ್ಲರ ಹಾಗೆ ಕೂತು ಉಣ್ಣಲೇಬೇಕು ಎಂದು ನಿಶ್ಚಯಿಸಿದೆ. ಆ ಸಿಟ್ಟಿನಲ್ಲಿ ಮಜ್ಜಿಗೆಯನ್ನೂ ಮರೆತು ಸೈಕಲ್ ಹತ್ತಿ, ಅವಳಿಗಿಂತ ಮುಂದೆ ತುಳಿದೆ.

ಸನ್ನತಿಯಲ್ಲಿ ಗುಡಿಯನ್ನೂ ನೋಡಲಿಲ್ಲ, ಹೊಳೆಯನ್ನೂ ನೋಡಲಿಲ್ಲ. ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಒಬ್ಬ ಮುದುಕಿ ಎಲ್ಲಿಂದ ಬಂದಿರೆಂದು ಕೇಳಿದ್ದೇ ತಡ, ಸೈಕಲ್ ಸ್ಟ್ಯಾಂಡ್ ಹಾಕಿ ಒಳಗೆ ಹೋಗಿ ಕೂತೆ. ಗೆಳತಿ ವಿಧಿಯಿಲ್ಲದೆ ಪಕ್ಕಕ್ಕೆ ಕೂತಳು. ಬಿಸಿ ರೊಟ್ಟಿ ಬಂತು, ಪುಂಡಿ ಪಲ್ಯ ಬಂತು. ಗೆಳತಿ ಅರ್ಧಕ್ಕೇ ಕೈ ತೊಳೆದು, ಏಳು ಏಳು ಎಂದು ನನ್ನ ಮೊಣಕೈ ತಿವಿಯತೊಡಗಿದಳು. ಅಷ್ಟರಲ್ಲಿ ಕುಂಕುಮದ ತಾಟೂ ಬಂತು.

ಮುದುಕಿ ನನ್ನ ಹಣೆ ನೋಡಿದಳು, ಕುಂಕುಮ ಹಚ್ಚಲು ಗೆಳತಿಯ ಕಡೆ ಬಾಗಿದಳು. ಗೆಳತಿ ಅಂಗೈಯಿಂದ ಹಣೆ ಮುಚ್ಚಿಕೊಂಡು ಅಂದಳು:

“ನನಗೂ ಬ್ಯಾಡ್ರಿ.”

ಮುದುಕಿಯ ಕೈ ಅಲ್ಲೇ ನಿಂತಿತು. ಪಾಪ, ಅವಳಿಗೆ ಏನು ತಪ್ಪಾಯಿತೆಂದೇ ಗೊತ್ತಾಗಲಿಲ್ಲ.

“ಆಕಿಗಿ ಹಚ್ಚರಿ, ಉಡಿನೂ ತುಂಬ್ರಿ,” ಎಂದೆ. “ನನಗ ಇನ್ನೊಂದು ರೊಟ್ಟಿ ಹಾಕ್ರಿ. ಭಾಳ ಹಸಿವ್ಯಾಗ್ಯದ.”

ಮುದುಕಿ ತಾಟು ಕೆಳಗಿಟ್ಟು ಮೊದಲು ರೊಟ್ಟಿ ತಂದಳು. ಗೆಳತಿ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ನಾನು ಅಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಪರರ ಮನೆಯಲ್ಲಿ ಕೂತು, ಸಾಕು ಅನ್ನುವ ತನಕ ಉಂಡೆ.