ಒಂದೇ ತೂತಿನ ಗಾಯ

ತಪ್ಪು ನನ್ನದೇ. ಆಸ್ಪತ್ರೆಯಿಂದ ಹಟ್ಟಿಗೆ ಬಂದ ದಿನ, ನೋಡಲು ಬಂದ ಹೆಂಗಸರಿಗೆ ನಾನೇ ನಗುನಗುತ್ತಾ ಹೇಳಿದೆ: "ಎದೆ ಕೊಯ್ಯಲೇ ಇಲ್ಲ. ಕಂಕುಳ ಕೆಳಗೆ ಒಂದೇ ತೂತು. ರೋಬೋ ಕೈ ಹಾಕಿ ಗಡ್ಡೆ ತೆಗೀತು!"

ಎಲ್ಲವನ್ನೂ ಕಥೆ ಮಾಡಿ ಹೇಳುವ ಚಟ ನನಗೆ ನಮ್ಮಜ್ಜಿಯಿಂದ ಬಂದದ್ದು.

ಕೊಯಮತ್ತೂರಿನ ಡಾಕ್ಟರು ಆಪರೇಷನ್ನಿಗೆ ಮೊದಲೇ ಬಿಡಿಸಿ ಹೇಳಿದ್ದರು. ರೋಬೋದ ಕ್ಯಾಮೆರಾ, ಕತ್ತರಿ, ಇಕ್ಕಳ ಎಲ್ಲವೂ ಪಕ್ಕೆಲುಬಿನ ಒಂದೇ ಸಂದಿಯಲ್ಲಿ ನುಗ್ಗಿ ಶ್ವಾಸಕೋಶದ ಗಡ್ಡೆ ಮುಟ್ಟಬೇಕು. ಒಳಗೆ ಒಂದಕ್ಕೊಂದು ತಾಕುತ್ತವೆ.

"ಒಂದೇ ಟೀ ಗಿಡಕ್ಕೆ ಮೂರು ಜನ ಕೈ ಹಾಕಿದಂಗೆ," ಎಂದೆ.

"ಅದೇ ಅಮ್ಮಾ," ಎಂದು ಅವರೂ ನಕ್ಕರು. "ಆಗದಿದ್ದರೆ, ರಕ್ತ ಹೆಚ್ಚು ಹೋದರೆ, ಎದೆ ತೆರೆಯಬೇಕಾಗುತ್ತೆ. ಅದಕ್ಕೂ ಸಹಿ ಹಾಕಿ."

ತೆರೆಯಲಿಲ್ಲ. ಗಡ್ಡೆ ಕೆಟ್ಟದ್ದಲ್ಲವೆಂದೂ ತಿಳಿಯಿತು.

ಅವತ್ತು ನೋಡಲು ಬಂದ ಹೆಂಗಸರು ಗಾಯ ತೋರಿಸು ಎಂದರು. ತೋರಿಸಿದೆ.

"ಇಷ್ಟೇನಾ? ಜಿಗಣೆ ಕಚ್ಚಿದಂಗಿದೆ!" ಎಂದಳು ನನ್ನ ಓರಗಿತ್ತಿ. "ನನ್ನ ಹೊಟ್ಟೆ ನೋಡು ಅಕ್ಕಾ, ಎರಡು ಹೆರಿಗೆ, ಎರಡೂ ಕೊಯ್ದದ್ದು."

ಎಲ್ಲರೂ ನಕ್ಕರು. ನಾನೂ ನಕ್ಕೆ, ಪಕ್ಕೆ ಹಿಡಿದುಕೊಂಡು.

ಆಮೇಲೆ ಯಾರೂ ಬರಲಿಲ್ಲ. ಟೀ ಚಿಗುರು ಹೆಚ್ಚಿದ್ದ ತಿಂಗಳು. ಬೆಳಿಗ್ಗೆಯೇ ಎಲ್ಲರೂ ತೋಟಕ್ಕೆ. ನಮ್ಮ ಯಜಮಾನರಿಗೆ ಕುಂದಾದ ಪವರ್ ಹೌಸಿನಲ್ಲಿ ಕೆಲಸ; ಭಾನುವಾರ ಮಾತ್ರ ಮನೆಗೆ ಬರುವರು. ಗಾಯ ಒಣಗಿತು. ಆದರೆ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಒಂದು ಪಟ್ಟಿ, ತುರಿಕೆ ಸೊಪ್ಪು ಉಜ್ಜಿದಂತೆ ಉರಿಯುತ್ತಿತ್ತು. ಗೋಡೆಗೆ ಒರಗಿ ಕೂತು, ಖಾಲಿ ಓಣಿಯಲ್ಲಿ ಕೋಳಿಗಳು ಕೆದಕುವುದನ್ನು ನೋಡುತ್ತಿದ್ದೆ. ಕಾಣದ ನೋವನ್ನು ಯಾರಿಗೆ ತೋರಿಸುವುದು?

ಮತ್ತೆ ತೋರಿಸಲು ಹೋದಾಗ ಡಾಕ್ಟರು ತಾವಾಗಿಯೇ ಕೇಳಿದರು: "ಬಟ್ಟೆ ತಾಕಿದರೆ ಉರಿಯುತ್ತಾ?" ಸಣ್ಣ ಸಂದಿಯಲ್ಲಿ ಸಲಕರಣೆ ಒತ್ತಿ ಪಕ್ಕೆಯ ನರ ನೊಂದಿದೆ, ತಿಂಗಳುಗಳೇ ಬೇಕು, ಭಾರ ಹೊರಬೇಡಿ ಎಂದರು. ಬಸ್ಸು ಘಾಟ್ ಹತ್ತುವಾಗ, ಇದನ್ನು ಹಟ್ಟಿಯಲ್ಲಿ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಹೇಳಿ ನೋಡಿದೆ. ಪ್ರತಿ ಸಲವೂ ಅದು ತಮಾಷೆಯಾಗಿಬಿಡುತ್ತಿತ್ತು.

ಸಂಜೆ ಓರಗಿತ್ತಿ ಬಾಗಿಲಿಗೆ ಬಂದಳು. "ನಾಳೆ ಎಲೆ ಕೀಳೋಕೆ ಬರ್ತೀಯಾ ಅಕ್ಕಾ? ಗಾಯ ಮಾಸಿತಲ್ಲ."

"ಮಾಸಿದೆ. ಒಳಗೆ ಉರೀತದೆ. ಬರೋಕಾಗಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು, ನಾನು ಇನ್ನೇನೋ ಹೇಳಿ ನಗಿಸುತ್ತೇನೆಂದು ಕಾಯುತ್ತಾ. ನಾನು ಹೇಳಲಿಲ್ಲ. "ಓ," ಎಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬಂದು ನನ್ನ ಪಕ್ಕ ಕೂತಳು.