ಎಂಟು ಹೆಸರಿನ ಪಟ್ಟಿ

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಮಗೆ ಎರಡು ವರ್ಷ ಪ್ರಯೋಗ ಮಾಡಿಸಿದವರನ್ನು ನಾವು ತಂತಿ ಮೇಡಂ ಎನ್ನುತ್ತಿದ್ದೆವು. ಸೋನೋಮೀಟರಿನ ತಂತಿ ಬಿಗಿದು, ಅದರ ಮೇಲೊಂದು ಕಾಗದದ ಚೂರು ಕೂರಿಸಿ, ಪಕ್ಕದಲ್ಲಿ ಕಂಪಿಸುವ ಶ್ರುತಿಕವೆ ಊರಿ, ತಂತಿ ಎಷ್ಟುದ್ದವಿದ್ದಾಗ ಚೂರು ಜಿಗಿದು ಬೀಳುತ್ತದೆ ಎಂದು ಹುಡುಕುವ ಪ್ರಯೋಗ ಅವರಿಗೆ ಬಲು ಪ್ರೀತಿ. ಮೇಡಂ ತಂತಿ ಮೀಟಿದರೆ ನಮ್ಮ ಮಾರ್ಕ್ಸೂ ನಡುಗುತ್ತವೆ ಎಂಬುದು ಹಿಂದಿನ ಬೆಂಚಿನ ತಮಾಷೆ.

ಅವರು ಸ್ಟ್ರಿಂಗ್ ಥಿಯರಿಯಲ್ಲಿ, ಅಂದರೆ ಜಗತ್ತೆಲ್ಲ ಕಣ್ಣಿಗೆ ಕಾಣದ ತಂತಿಗಳಿಂದಾಗಿದೆ ಎನ್ನುವ ಸಿದ್ಧಾಂತದಲ್ಲಿ, ಸಂಶೋಧನೆ ಮಾಡುತ್ತಿದ್ದವರು. ಅತ್ತೆ ಹಾಸಿಗೆ ಹಿಡಿದಾಗ ಅದನ್ನು ನಡುವೆಯೇ ಬಿಟ್ಟು, ಸಿಕ್ಕ ಈ ಕೆಲಸಕ್ಕೆ ಸೇರಿದರು. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಆ ಸಿದ್ಧಾಂತವನ್ನು ಪರಿಚಯಿಸುವ ಒಂದು ಐಚ್ಛಿಕ ಪಾಠ ಮಾಡಬೇಕೆಂದು ಹನ್ನೊಂದು ವರ್ಷ ಕೇಳಿದರು. ಕಾಣದ ತಂತಿ ಹಿಡಿಯೋಕೆ ಯಾವ ಮಕ್ಕಳು ಬರ್ತಾರೆ ಎಂದು ವಿಭಾಗದ ಮುಖ್ಯಸ್ಥರು ನಗುತ್ತಿದ್ದರು. ನಮ್ಮ ವರ್ಷ ಮಾತ್ರ, ಎಂಟು ಜನ ಸಹಿ ಹಾಕಿದರೆ ಆಗಲಿ ಎಂದರು.

ಮೇಡಂ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದರು. ಸಹಿ ಹಾಕಿದವರು ನಾನು, ನನ್ನ ರೂಮ್‌ಮೇಟ್, ಮೊದಲ ಬೆಂಚಿನ ಒಬ್ಬ ಹುಡುಗಿ. ಉಳಿದವರು ಗಣಿತಕ್ಕೆ ಹೆದರಿ ಹಿಂದೆ ಸರಿದರು. ಕೊನೆಯ ದಿನ ಸಂಜೆ ನಾನು ಇನ್ನೈದು ಗೆಳೆಯರ ಹೆಸರು ಬರೆದು, ಸಹಿಯನ್ನೂ ಹಾಕಿಬಿಟ್ಟೆ. ಪಾಠ ಶುರುವಾದರೆ ಸಾಕು, ಆಮೇಲೆ ತಲೆ ಎಣಿಸುವವರು ಯಾರು ಎಂದುಕೊಂಡೆ.

ಮೇಡಂ ರಜೆಯಿಡೀ ಕೂತು ಟಿಪ್ಪಣಿ ಬರೆದರು. ಎಂಟು ಪ್ರತಿ, ಎಂಟು ರಟ್ಟಿನ ಫೈಲು. ಮೊದಲ ದಿನ ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಬಾಗಿಲು ನೋಡುತ್ತ ನಿಂತರು. ಮುಖ್ಯಸ್ಥರೂ ಪಾಠ ನೋಡಲು ಬಂದಿದ್ದರು. ಹತ್ತು ನಿಮಿಷ ಕಳೆದರೂ ನಾವು ಮೂವರೇ. ಮುಖ್ಯಸ್ಥರು ಅಟೆಂಡರನ್ನು ಕ್ಯಾಂಟೀನಿಗೆ ಅಟ್ಟಿ ಆ ಐವರನ್ನೂ ಕರೆಸಿದರು. ಸಹಿ ನಮ್ಮದಲ್ಲ ಎಂದರು ಐವರೂ.

“ಆಸೆ ಇರ್ಲಿ ಮೇಡಂ. ಅದಕ್ಕೆ ಇಷ್ಟು ಕೆಳಗೆ ಇಳೀಬೇಕಾ?” ಎಂದರು ಮುಖ್ಯಸ್ಥರು.

ಮೇಡಂ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಓದಿದರು. ಒಮ್ಮೆ ನನ್ನ ಕಡೆ ನೋಡಿದರು. ಪಟ್ಟಿಯನ್ನು ಮಡಚಿ ಮುಖ್ಯಸ್ಥರಿಗೆ ಹಿಂದಿರುಗಿಸಿದರು.

ಪಾಠ ರದ್ದಾಯಿತು. ಮುಖ್ಯಸ್ಥರು ಹೊರಟುಹೋದರು. ಗಂಟೆ ಬಾರಿಸುವವರೆಗೆ ಕೋಣೆ ನಮ್ಮದೇ ಅಲ್ಲವೇ ಎಂದು ಮೇಡಂ ಸೀಮೆಸುಣ್ಣ ಎತ್ತಿಕೊಂಡರು. ಒಂದೇ ತಂತಿ ಬೇರೆ ಬೇರೆ ರೀತಿ ಕಂಪಿಸಿದರೆ ಬೇರೆ ಬೇರೆ ಸ್ವರ ಬರುತ್ತದೆ. ಹಾಗೆಯೇ ಎಲೆಕ್ಟ್ರಾನು, ಬೆಳಕಿನ ಕಣ ಎಲ್ಲವೂ ಅತಿ ಸಣ್ಣ ತಂತಿಯೊಂದರ ಬೇರೆ ಬೇರೆ ಕಂಪನಗಳಿರಬಹುದು ಎಂದರು. ‘ಇರಬಹುದು’ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದರು. ಪ್ರಯೋಗ ಇದನ್ನು ಇನ್ನೂ ಹೌದೆಂದಿಲ್ಲ, ನಿಮ್ಮ ಕಾಲಕ್ಕೂ ಹೌದೆನ್ನದೆ ಇರಬಹುದು ಎಂದರು. ಸಮೀಕರಣ ಅರ್ಧಕ್ಕೆ ಬಂದಾಗ ಗಂಟೆ ಹೊಡೆಯಿತು.

ಕಾರಿಡಾರಿನಲ್ಲಿ ಅವರ ಹಿಂದೆ ಹೋದೆ.

“ಮೇಡಂ, ಆ ಸಹಿ…”

“ಎರಡು ವರ್ಷ ನಿನ್ನ ರೆಕಾರ್ಡ್ ತಿದ್ದಿದೀನಪ್ಪ. ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ?”

“ಸರ್ ಹತ್ರ ಹೋಗಿ ಹೇಳ್ತೀನಿ.”

“ಹೇಳಿದ್ರೆ ಪರೀಕ್ಷೆಗೆ ಕೂರಿಸಲ್ಲ. ನಿಮ್ಮನೇಲಿ ಕಾಲೇಜು ಮೆಟ್ಟಿಲು ಹತ್ತಿದವನು ನೀನೊಬ್ಬನೇ ಅಲ್ವಾ?” ಫೈಲುಗಳನ್ನು ಎದೆಗೆ ಒತ್ತಿಕೊಂಡರು. “ಮೂರೇ ಜನ ಅಂದಿದ್ರೆ ಮೂರು ಜನಕ್ಕೇ ಸಂಜೆ ಕೂತು ಹೇಳ್ಕೊಡ್ತಿದ್ದೆ. ಎಂಟು ಜನಕ್ಕೆ ಇದು ಬೇಕಾಗಿದೆ ಅಂತ ನಂಬ್ಕೊಂಡು ಕೂತಿದ್ದೆ ಕಣೋ.”

ಮೂರನೆಯ ದಿನ ಮುಖ್ಯಸ್ಥರ ಬಳಿ ಹೋಗಿ ಒಪ್ಪಿಕೊಂಡೆ. ತಪ್ಪೊಪ್ಪಿಗೆ ಬರೆಸಿಕೊಂಡು ಬಿಟ್ಟರು, ಪರೀಕ್ಷೆಗೂ ಕೂರಿಸಿದರು. ಪಾಠದ ಮಾತೆತ್ತಿದೆ. ಸುಳ್ಳು ಐದು ಕಳೆದರೆ ಉಳಿಯೋದು ಮೂರೇ ತಾನೇ ಎಂದರು.

ಆಮೇಲೆ ನಾವು ಮೂವರೂ ಮೇಡಂ ಬಳಿ ಹೋಗಿ, ಸಂಜೆ ಹೇಳಿಕೊಡಿ ಎಂದು ಕೇಳಿದೆವು. ಅವರಿಗೆ ಸಿಟ್ಟೇನೂ ಇರಲಿಲ್ಲ. ನನ್ನ ಊಟ ಆಯಿತೇ ಎಂದೂ ಕೇಳಿದರು. ಕೊನೆಯ ವರ್ಷದ ಪರೀಕ್ಷೆ ಇದೆ, ಅದಕ್ಕೆ ಓದಿಕೊಳ್ಳಿ ಎಂದರು. ಮೊದಲೆಲ್ಲ ಕತ್ತಲಾಗುವವರೆಗೂ ಅಲ್ಲೇ ಇರುತ್ತಿದ್ದವರು ಅಂದಿನಿಂದ ನಾಲ್ಕು ಹೊಡೆಯುತ್ತಲೇ ಪ್ರಯೋಗಾಲಯಕ್ಕೆ ಬೀಗ ಹಾಕಿ ಮನೆಗೆ ಹೊರಟುಬಿಡುತ್ತಿದ್ದರು.